ಧಣಿ ಇಲ್ಲದ ವಾಯರ್

ವತ್ಸಲಾಬಾಯಿಯವರ ಸಿಟ್ಟೂ ಕನ್ನಡಕವೂ ಮೂಗಿನ ತುದಿಯಲ್ಲೇ ಕೂತಿರುತ್ತಿದ್ದವು. ಎರಡರಲ್ಲಿ ಯಾವುದು ಮೊದಲು ಜಾರುತ್ತದೆಂದು ಟೈಪಿಂಗ್ ಕ್ಲಾಸಿನ ಹುಡುಗಿಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಜೇವರ್ಗಿಯ ಬಸ್‌ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಇಪ್ಪತ್ತೆರಡು ವರ್ಷ ಟೈಪ್‌ರೈಟರ್ ಕುಟ್ಟಿಸಿದವರು ಅವರು. ೧೯೯೭ರ ಹೊತ್ತಿಗೆ ಟೈಪ್‌ರೈಟರನ್ನು ಕೇಳುವವರೇ ಇಲ್ಲದಂತಾಯಿತು. ಬಾಯಿಯವರು ಹಿಂದೆಮುಂದೆ ನೋಡದೆ ಐದು ಹಳೆಯ ಕಂಪ್ಯೂಟರುಗಳನ್ನು ತರಿಸಿ ಸಾಲಾಗಿ ಕೂರಿಸಿಯೇಬಿಟ್ಟರು.

ಅವಕ್ಕೆ ವಾಯರ್ ಜೋಡಿಸಲು ಆಳಂದದಿಂದ ಸಲಾವುದ್ದೀನ ಬಂದ. ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದವನು, ಹೈದರಾಬಾದಿನಲ್ಲಿ ಆರು ತಿಂಗಳಿದ್ದು ಕಂಪ್ಯೂಟರ್ ವಿದ್ಯೆಯನ್ನೂ ಕಲಿತುಬಂದಿದ್ದ.

"ಬಾಯಾರ, ಈ ವಾಯರಿನಾಗ ಧಣಿ ಯಾರು, ಆಳು ಯಾರು ಅಂತ ಇಲ್ರಿ," ಎಂದ ಅವನು, ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ. "ಐದೂ ಮಶೀನು ಸರೀಕರು. ಯಾವುದು ಬೇಕಾದ್ರೂ ಯಾವುದಕ್ಕ ಬೇಕಾದ್ರೂ ಕೊಡತದ, ಯಾವುದರ ಕಡಿಂದ ಬೇಕಾದ್ರೂ ತಗೋತದ. ಇಂಗ್ಲಿಷಿನಾಗ ಪೀರ್ ಟು ಪೀರ್ ಅಂತಾರ."

"ಇಂಗ್ಲಿಷಿನಾಗ ಏನರೆ ಅನ್ಲಿ. ನಮ್ಮ ಕ್ಲಾಸಿನಾಗ ಹಂಗ ನಡಿಯಂಗಿಲ್ಲ," ಎಂದರು ವತ್ಸಲಾಬಾಯಿ. "ಎಲ್ಲಾ ಪಾಠ ಈ ದೊಡ್ಡ ಮಶೀನಿನಾಗ ಇರಬೇಕು. ಬೇಕಾದವರು ಇದನ್ನ ಕೇಳಿ ತಗೋಬೇಕು. ಒಂದ ಕಡೆ ಇದ್ರ ಭದ್ರ."

"ನಿಮ್ಮ ಮರ್ಜಿ ರೀ," ಎಂದು ಸಲಾವುದ್ದೀನ ಚಹಾ ಕುಡಿದು ಬಸ್ಸು ಹತ್ತಿದ.

ಅಂದಿನಿಂದ ದೊಡ್ಡ ಮಶೀನಿಗೆ ರಾಜೋಪಚಾರ. ಅದಕ್ಕೆ ಬೇರೆ ಮೇಜು, ಕಸೂತಿ ಹಾಕಿದ ಹೊದಿಕೆ, ಬೆಳಿಗ್ಗೆ ಎರಡು ಊದಿನಕಡ್ಡಿ. ಬಾಯಿಯವರನ್ನು ಬಿಟ್ಟು ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ. ಹುಡುಗಿಯರು ಅದಕ್ಕೆ 'ಧಣಿ' ಎಂದು ಹೆಸರಿಟ್ಟರು. ಬಾಯಿಯವರಿಗೂ ಅದೇ ಹೆಸರಿತ್ತು, ಆದರೆ ಬೆನ್ನ ಹಿಂದೆ ಮಾತ್ರ.

ಆ ಧಣಿಯ ಹೊಟ್ಟೆಯೊಳಗೆ ವತ್ಸಲಾಬಾಯಿ ತಾವೇ ಬರೆದ ನೂರಿಪ್ಪತ್ತು ಕನ್ನಡ ಪಾಠಗಳಿದ್ದವು. ಭೀಮಾ ಹೊಳೆ, ತೊಗರಿ ಬೆಳೆ, ಬಸ್ಸು ತಪ್ಪಿಸಿಕೊಂಡ ಬೀಗರು, ಹೀಗೆ ಮನಸ್ಸಿಗೆ ಬಂದದ್ದನ್ನೆಲ್ಲ ಪಾಠ ಮಾಡಿದ್ದರು. ಪೆನ್ನಿಗಿಂತ ಬೆರಳು ಚುರುಕಾದ ಹೆಂಗಸು. ಕಾಗದದ ಮೇಲೆ ಒಂದಕ್ಷರ ಬರೆಯದೆ ಎಲ್ಲವನ್ನೂ ನೇರ ಮಶೀನಿನಲ್ಲೇ ಒತ್ತಿದ್ದರು. ಪ್ರತಿ ಪಾಠದ ಕೊನೆಗೆ ಅದನ್ನು ಹೊಡೆಯಲು ಎಷ್ಟು ಸಲ ಕೀಲಿ ಒತ್ತಬೇಕು ಎಂಬ ಸ್ಟ್ರೋಕ್ ಎಣಿಕೆ ಹಾಕುವುದು ಅವರ ಟೈಪ್‌ರೈಟರ್ ಕಾಲದ ರೂಢಿ.

ಈ ಪಾಠಗಳ ಮೇಲೆ ಹತ್ತೊಂಬತ್ತು ಹುಡುಗಿಯರ ಹಣೆಬರಹ ನಿಂತಿತ್ತು ಎಂದರೆ ಹೆಚ್ಚಾಗದು. ಆ ವರ್ಷ ಪರೀಕ್ಷಾ ಮಂಡಳಿ ಜೇವರ್ಗಿಗೂ ಒಂದು ಕಂಪ್ಯೂಟರ್ ಪರೀಕ್ಷಾ ಕೇಂದ್ರ ಕೊಡುವುದಾಗಿ ಹೇಳಿತ್ತು. ನೂರಿಪ್ಪತ್ತು ಪಾಠ ಮಶೀನಿನಲ್ಲಿರಬೇಕು, ಇನ್ಸ್‌ಪೆಕ್ಟರು ಬಂದು ನೋಡಬೇಕು. ಬಾಯಿಯವರು ಪ್ರತಿ ಪಾಠದ ಮೊದಲ ಸಾಲು, ಕಡೆಯ ಸಾಲು, ಸ್ಟ್ರೋಕ್ ಎಣಿಕೆ ಎಲ್ಲ ಬರೆದು ಕಳಿಸಿಯಾಗಿತ್ತು. ಕೇಂದ್ರ ಸಿಕ್ಕರೆ ಹುಡುಗಿಯರು ಮುಂಜಾನೆ ಬಸ್ಸಿಗೆ ಬಂದು ಪರೀಕ್ಷೆ ಬರೆದು ಸಂಜೆ ಬಸ್ಸಿಗೆ ಮನೆ ಸೇರುತ್ತಾರೆ. ಸಿಗದಿದ್ದರೆ ಗುಲ್ಬರ್ಗಾಕ್ಕೆ ಹೋಗಿ ಮೂರು ದಿನ ಇರಬೇಕು. "ಅಷ್ಟು ದೂರ ನಾವು ಕಳಸಂಗಿಲ್ರಿ" ಎಂದು ಹತ್ತೊಂಬತ್ತು ಮನೆಯವರೂ ಖಡಾಖಂಡಿತ ಹೇಳಿಬಿಟ್ಟಿದ್ದರು. ಅಲ್ಲಿಗೆ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇನ್ನು ಧಣಿಯ ಕಾರಭಾರ ಕೇಳಿ. ನಾಲ್ಕು ಹುಡುಗಿಯರು ನಾಲ್ಕು ಮಶೀನಿನಿಂದ ಒಮ್ಮೆಗೇ ಪಾಠ ಕೇಳಿದರೆ ಸಾಕು, ಅದು 'ಗೊರ್' ಎಂದು ಗೊರಕೆ ಹೊಡೆಯುತ್ತ ಕೂತುಬಿಡುತ್ತಿತ್ತು. ಒಂದು ತಾಸಿನ ಕ್ಲಾಸಿನಲ್ಲಿ ಅರ್ಧ ತಾಸು ಕಾಯುವುದೇ ಆಗುತ್ತಿತ್ತು. ಆದರೆ ಜನವರಿಯಿಂದ ಏನಾಯಿತೋ, ಪಾಠಗಳು ಪಟಪಟನೆ ಬರತೊಡಗಿದವು. ಮಾರ್ಚ್‌ನಲ್ಲಿ ಬಾಯಿಯವರು ಕೋಣೆಗೆ ನೀರಿನ ಕೂಲರ್ ಹಾಕಿಸಿದ ಮೇಲಂತೂ ಕೇಳುವುದೇ ಬೇಡ. "ನೋಡ್ರಿ, ತಂಪು ಗಾಳಿ ಬಿದ್ದಕೂಡ್ಲೆ ಮಶೀನು ಹೆಂಗ ಚುರುಕಾತು!" ಎಂದು ಅವರು ಹಿಗ್ಗಿದರು. ಹುಡುಗಿಯರು ಮುಖ ಮುಖ ನೋಡಿಕೊಂಡು ನೆಲ ನೋಡಿದರು.

ಅದೇ ಮಾರ್ಚ್‌ನಲ್ಲಿ ಇನ್ನೊಂದು ಪ್ರಸಂಗವಾಯಿತು. ಇಜೇರಿಯ ಗೌರಾಬಾಯಿ ಎಂಬ ಹುಡುಗಿ, ಕ್ಲಾಸಿನಲ್ಲೆಲ್ಲ ಅತಿ ಚುರುಕು ಬೆರಳಿನವಳು, ಮನೆಗೆ ಹೊರಟಾಗ ಅವಳ ಚೀಲದಿಂದ, ಮಶೀನಿನ ಪಾಠ ತುಂಬಿಕೊಂಡು ಒಯ್ಯುವ ಒಂದು ಫ್ಲಾಪಿ ಕೆಳಗೆ ಬಿತ್ತು. ಬಾಯಿಯವರು ಅದನ್ನು ಮಶೀನಿಗೆ ಹಾಕಿ ನೋಡಿದರೆ ತಮ್ಮ ಪಾಠಗಳು, ಎಂಬತ್ತೆಂಟರಿಂದ ತೊಂಬತ್ತೈದರವರೆಗೆ!

"ಕಳವು ಮಾಡ್ಲಿಕ್ಕೆ ಬರ್ತಿ ಏನಬೇ ನನ್ನ ಕ್ಲಾಸಿಗೆ? ಯಾರು ಹೇಳಿಕೊಟ್ರು?"

ಗೌರಾಬಾಯಿ ತುಟಿ ಪಿಟ್ಟೆನ್ನಲಿಲ್ಲ. ಅದು ಬಾಯಿಯವರ ಸಿಟ್ಟಿಗೆ ಎಣ್ಣೆ ಹೊಯ್ದಿತು. "ನಡಿ ಇಲ್ಲಿಂದ! ಇದನ್ನೂ ತಗೊಂಡು ನಡಿ!" ಎಂದು ಫ್ಲಾಪಿಯನ್ನು ಮೆಟ್ಟಿಲ ಮೇಲಿಂದ ಬೀಸಿ ಒಗೆದರು. ಗೌರಾಬಾಯಿ ಅದನ್ನು ಆರಿಸಿಕೊಂಡು ಹೋದವಳು ಮತ್ತೆ ಬರಲಿಲ್ಲ. ರಿಜಿಸ್ಟರಿನಲ್ಲಿ ಇಪ್ಪತ್ತಿದ್ದ ಹೆಸರು ಹತ್ತೊಂಬತ್ತಾಯಿತು.

ಏಪ್ರಿಲ್ ಬಂತು. ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಸೋಮವಾರ ಇನ್ಸ್‌ಪೆಕ್ಷನ್ ಎಂದು ಕಾಗದ ಬಂದದ್ದು ಗುರುವಾರ ಮುಂಜಾನೆ. ಅಂಥ ದಿನ ಧಣಿ ಕೈಕೊಡಬಾರದು ನೋಡಿ. ವತ್ಸಲಾಬಾಯಿ ಕೂಲರನ್ನು ಎಳೆದು ಎಳೆದು ದೊಡ್ಡ ಮಶೀನಿನ ಬೆನ್ನಿಗೇ ತಂದು ಹಚ್ಚಿ, ತುಂಬ ನೀರು ಹೊಯ್ದು, ಜೋರು ಗಾಳಿಗೆ ಬಿಟ್ಟರು. "ಸೋಮವಾರದ ತನಾ ತಂಪಾಗಿರಪ್ಪಾ" ಎಂದು ಅದರ ಬೆನ್ನು ಸವರಿದ್ದೂ ಉಂಟು. ಗಾಳಿಯ ಜೊತೆ ಸಣ್ಣಗೆ ನೀರ ತುಂತುರು ಹಾರುತ್ತಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ. ಮಧ್ಯಾಹ್ನ ಮೂರಕ್ಕೆ ಧಣಿಯ ಒಳಗಿಂದ 'ಫಟ್' ಎಂದು ಸದ್ದಾಯಿತು. ಸುಟ್ಟ ವಾಸನೆ ಬಂತು. ಅಷ್ಟೇ.

ಶುಕ್ರವಾರ ಆಳಂದದಿಂದ ಓಡಿಬಂದ ಸಲಾವುದ್ದೀನ ಮಶೀನು ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ. "ಪಾಠ ಇಡೋ ತಟ್ಟೆನೇ ಖಲ್ಲಾಸ್ ಆಗ್ಯದ್ರಿ ಬಾಯಾರ. ನೀರು ಹೊಕ್ಕದ. ಒಂದಕ್ಷರ ಬರಂಗಿಲ್ಲ."

ವತ್ಸಲಾಬಾಯಿ ಸಿಟ್ಟಿಗೆ ಬರಬೇಕೆಂದರೆ ಯಾರ ಮೇಲೆ? ಕೂಲರ್ ತಂದವರು ತಾವು, ಹಚ್ಚಿದವರು ತಾವು. ಅವರು ಕುರ್ಚಿಯಲ್ಲಿ ಕುಸಿದು ಕೂತು, ಹುಡುಗಿಯರೆಲ್ಲ ನೋಡುತ್ತಿರುವಂತೆಯೇ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. "ನಿಮ್ಮೆಲ್ಲಾರ ವರ್ಷ ಹಾಳು ಮಾಡಿದೆನಲ್ಲಬೇ ನಾನು" ಎನ್ನುವುದೊಂದೇ ಮಾತು.

ಆಗ ಸಾಬಮ್ಮ ಎದ್ದು ನಿಂತಳು. ಇವಳೂ ಇಜೇರಿಯವಳೇ, ಒಕ್ಕಲಿಗರ ಮನೆಯ ಗಟ್ಟಿ ಹುಡುಗಿ. ಅವಳ ಬಾಯಿ ಮುಂದೆ ಬಜಾರೇ ಸಣ್ಣದು. ಅವತ್ತು ಮಾತ್ರ ದನಿ ತಗ್ಗಿಸಿ ಶುರುಮಾಡಿದಳು.

"ಅಕ್ಕೋರ, ಬಯ್ಯಂಗಿಲ್ಲ ಅಂದ್ರ ಒಂದು ಮಾತು ಹೇಳ್ತೇನಿ."

"ಬಯ್ಯಲಿಕ್ಕೆ ಇನ್ನೇನು ಉಳದದ? ಹೇಳು."

"ಪಾಠ ಎಲ್ಲೂ ಹೋಗಿಲ್ರಿ. ನಮ್ಮ ಕಡಿ ಅವ. ಎಲ್ಲಾರ ಕಡಿ ತುಸು ತುಸು, ಒಂದಿಷ್ಟು ಈ ನಾಕು ಮಶೀನಿನಾಗ, ಒಂದಿಷ್ಟು ಫ್ಲಾಪಿಯಾಗ."

ಬಾಯಿಯವರು ಸೆರಗು ಇಳಿಸಿ ನೋಡಿದರು. ಸಾಬಮ್ಮ ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟಳು.

"ಧಣಿ ಭಾಳ ಕಾಯಸ್ತಿತ್ರಿ. ಅದಕ್ಕ ನಾವು ಮುಯ್ಯಾಳು ಶುರು ಮಾಡಿದಿವಿ. ಹೊಲದಾಗ ಮಾಡ್ತೀವಲ್ರಿ, ಇವತ್ತು ನೀ ನಮ್ಮ ಹೊಲಕ್ಕ ಬಾ, ನಾಳೆ ನಾ ನಿಮ್ಮ ಹೊಲಕ್ಕ ಬರ್ತೇನಿ, ಯಾರಿಗೂ ಕೂಲಿ ಇಲ್ಲ, ಹಂಗ. ಒಂದನೇ ಮಶೀನಿನಾಕಿ ಧಣಿ ಕಡಿಂದ ಹತ್ತನೇ ಪಾಠ ತರಾಕಿ, ಎರಡನೇದಾಕಿ ಹನ್ನೊಂದು, ಮೂರನೇದಾಕಿ ಹನ್ನೆರಡು. ಆಮ್ಯಾಲ ನಮ್ಮ ನಮ್ಮೊಳಗ ಬದಲಿ ಮಾಡ್ಕೊಳ್ಳೋದು. ನಾ ತಗೋತಾ ತಗೋತಾನ ಇನ್ನೊಬ್ಬಾಕಿಗಿ ಕೊಡಾಕತ್ತಿರ್ತೇನಿ. ಧಣಿಗೆ ಒಂದು ಸಲ ಕೇಳಿದ್ರ ಸಾಕು. ಮಂದಿ ಹೆಚ್ಚಾದಂಗ ಕೆಲಸ ಲಗೂ ಆಗತದ, ಹೊಲದಾಗ ಆದಂಗ."

"ಹಂಗಾರ ಜನವರಿಯಿಂದ ಮಶೀನು ಚುರುಕಾದದ್ದು…"

"ಕೂಲರಿನಿಂದ ಅಲ್ರಿ," ಎಂದಳು ಸಾಬಮ್ಮ, ಅತಿ ಮೆತ್ತಗೆ.

ಸಲಾವುದ್ದೀನ ಹೊಟ್ಟೆ ಹಿಡಿದು ನಕ್ಕ. "ಯಾ ಅಲ್ಲಾ! ನಾ ಹೇಳಿದ್ದು ಇದೇ ಅಲ್ರೀ ಬಾಯಾರ! ನೀವು ಬ್ಯಾಡಂದ್ರಿ, ಹುಡುಗ್ಯಾರು ತಾವ ಕಂಡುಹಿಡದಾರ."

ವತ್ಸಲಾಬಾಯಿಯವರ ಕನ್ನಡಕ ಜಾರಿತು. ಸಿಟ್ಟು ಜಾರಲಿಲ್ಲ. ಅದರ ಬದಲು ಅವರಿಗೆ ಬೇರೊಂದು ನೆನಪಾಯಿತು. "ಗೌರಾಬಾಯಿ ಫ್ಲಾಪಿ?" ಎಂದು ಕೇಳಿದರು.

"ಆ ದಿನ ಮೂರನೇ ಮಶೀನಿನ ವಾಯರ್ ಸಡಲಿತ್ರಿ. ಅದಕ್ಕ ಆಕಿ ಪಾಠ ಫ್ಲಾಪಿಗೆ ಹಾಕ್ಕೊಂಡು ಕೈಲೆ ತಂದುಕೊಟ್ಳು. ಚೀಲದಾಗ ಹಂಗ ಉಳೀತು. ನಮ್ಮ ಹೆಸರು ಹೇಳಿದ್ರ ಎಲ್ಲಾರನೂ ಹೊರಗ ಹಾಕ್ತೀರಿ ಅಂತ ಆಕಿ ಬಾಯಿ ಬಿಡ್ಲಿಲ್ಲ. ನಾವೂ ಬಿಡ್ಲಿಲ್ರಿ. ಹೆದರಿಕಿ."

ಬಾಯಿಯವರು ಜಾರಿದ ಕನ್ನಡಕವನ್ನು ಮೂಗಿಗೇರಿಸಿದರು. ಆಮೇಲೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸರಿ. ಸೋಮವಾರಕ್ಕ ಇನ್ನೂ ಮೂರು ದಿನ ಅದ. ನಡೀಲಿ ನಿಮ್ಮ ಮುಯ್ಯಾಳು. ನಾನೂ ಒಬ್ಬಾಕಿ."

ಸಾಬಮ್ಮ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಯಾವ ಪಾಠ ಯಾರ ಬಳಿ ಇದೆ ಎಂದು ಬರೆದಳು. ಹಾಳೆಯಲ್ಲಿ ಪಾಠವಿಲ್ಲ, ಬರಿ ವಿಳಾಸ. ನೋಡಿಕೊಂಡು ನೇರ ಆ ಮಶೀನಿಗೋ ಆ ಹುಡುಗಿಯ ಫ್ಲಾಪಿಗೋ ಹೋಗಬೇಕು. ಬಾಯಿಯವರು ರೂಢಿಯಂತೆ ಒಂದನೇ ಪಾಠದಿಂದ ಶುರುಮಾಡಹೊರಟರು.

"ಹಂಗಲ್ರಿ," ಎಂದು ಸಾಬಮ್ಮ ತಡೆದಳು. "ಒಂದನೇದು ಹನ್ನೆರಡು ಮಂದಿ ಕಡಿ ಅದ, ಅದು ಎಲ್ಲಿ ಓಡಿ ಹೋಗತದ? ಒಬ್ಬಾಕಿ ಕಡಿ ಅಷ್ಟ ಇರೋದನ್ನ ಮೊದಲ ತಗೋಬೇಕು. ಆಕಿ ಬರಲಿಲ್ಲಂದ್ರ ಅದು ಹೋದಂಗ."

ಹೌದಲ್ಲ ಎನಿಸಿತು ಬಾಯಿಯವರಿಗೆ. ಅವರಿಗೂ ಒಂದು ಕೆಲಸ ಸಿಕ್ಕಿತು. ಬಂದ ಪ್ರತಿ ಪಾಠದ ಸ್ಟ್ರೋಕ್ ಎಣಿಕೆ ಹಾಕಿ, ಮಂಡಳಿಗೆ ಕಳಿಸಿದ ಪಟ್ಟಿಯ ನಕಲಿನ ಜೊತೆ ತಾಳೆ ನೋಡುವುದು. ಒಬ್ಬಳ ಐವತ್ತೆರಡನೇ ಪಾಠದಲ್ಲಿ ಹದಿನೆಂಟು ಸ್ಟ್ರೋಕು ಕಡಿಮೆ ಬಂದವು. ನೋಡಿದರೆ ಫ್ಲಾಪಿ ಅರ್ಧ ಸಾಲು ನುಂಗಿತ್ತು. "ಇದು ಖೋಟಾ, ಇನ್ನೊಬ್ಬಾಕಿ ಕಡಿಂದ ತರ್ರಿ!" ಎಂದು ಬಾಯಿಯವರು ಕೂಗಿದರು. ಅವರ ಹಳೆಯ ದನಿ ಮರಳಿ ಬಂದದ್ದಕ್ಕೆ ಹುಡುಗಿಯರಿಗೆ ಸಮಾಧಾನವೇ ಆಯಿತು.

ಫೆಬ್ರವರಿಯವರೆಗೆ ಜೊತೆಗೆ ಕಲಿತು, ಮದುವೆಯಾಗಿ ಸೊನ್ನಕ್ಕೆ ಹೋದ ರೇವಮ್ಮನ ಬಳಿ ಆರು ಪಾಠ ಇವೆಯೆಂದು ಗೊತ್ತಾಯಿತು. ಅಫಜಲಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಹೋಯಿತು. ಶನಿವಾರ ಮಧ್ಯಾಹ್ನ ಅದೇ ಕಂಡಕ್ಟರ್ ಒಂದು ರೊಟ್ಟಿ ಗಂಟು ತಂದುಕೊಟ್ಟ. ರೊಟ್ಟಿಯ ನಡುವೆ ಫ್ಲಾಪಿ, ಪಕ್ಕದಲ್ಲಿ ಶೇಂಗಾ ಹಿಂಡಿ ಚಟ್ನಿಯ ಪೊಟ್ಟಣ. ಪಾಠ ಮಶೀನಿಗೆ ಹೋಯಿತು, ರೊಟ್ಟಿ ಹುಡುಗಿಯರ ಹೊಟ್ಟೆಗೆ.

ಶನಿವಾರ ಸಂಜೆಗೆ ನಾಲ್ಕೂ ಮಶೀನುಗಳಲ್ಲಿ ನೂರಾ ಹತ್ತೊಂಬತ್ತು ಪಾಠ ಕೂತಿದ್ದವು. ಇಲ್ಲದ್ದು ತೊಂಬತ್ತೊಂದನೆಯದು ಒಂದೇ. ಒತ್ತಕ್ಷರದ ಮೇಲೆ ಒತ್ತಕ್ಷರ ತುಂಬಿದ ಆ ಪಾಠವನ್ನು ಕಂಡರೆ ಎಲ್ಲರಿಗೂ ಬೆರಳು ನೋವು. ಎಲ್ಲರೂ ಅದನ್ನು ಹಾರಿಸಿ, ಮಶೀನಿಗೆ ಬಂದಿದ್ದರೂ ಅಳಿಸಿ, ಮುಂದೆ ಹೋಗಿದ್ದರು. ಬಾಯಿಯವರು ನೆನಪಿನಿಂದ ಹೊಡೆಯಲು ಕೂತರು. ಮೂರು ಸಲ ಹೊಡೆದರೂ ಎಣಿಕೆ ಸರಿಬರಲಿಲ್ಲ. ಏನೋ ತುಂಬಿಸಿ ಲೆಕ್ಕ ಸರಿಮಾಡಲು ಅವರ ಮನಸ್ಸು ಒಪ್ಪಲಿಲ್ಲ.

"ಎಂಬತ್ತೆಂಟರಿಂದ ತೊಂಬತ್ತೈದು," ಎಂದರು ಅವರು, ಯಾರ ಮುಖವನ್ನೂ ನೋಡದೆ. "ಗೌರಾಬಾಯಿ ಕಡೆ ಅದ. ನಾಳೆ ಮುಂಜಾನೆ ಬಸ್ಸಿಗೆ ನಾ ಇಜೇರಿಗೆ ಹೋಗ್ತೇನಿ."

ಭಾನುವಾರ ಸಾಬಮ್ಮನ ಜೊತೆ ಬಸ್ಸಿಳಿದು ಗೌರಾಬಾಯಿಯ ಮನೆಗೆ ಹೋದರೆ ಮನೆಗೆ ಬೀಗ. ಊರಾಚೆಯ ಸೈದಪ್ಪನ ಹೊಲದಲ್ಲಿ ಶೇಂಗಾ ಬಿಡಿಸಲು ಎಲ್ಲರೂ ಮುಯ್ಯಾಳು ಹೋಗಿದ್ದರು. ಬೇವಿನ ಮರದ ನೆರಳಿನಲ್ಲಿ ಕಿತ್ತ ಬಳ್ಳಿಗಳ ಗುಡ್ಡೆ, ಸುತ್ತ ಎಂಟು ಹೆಂಗಸರು. ಅವರ ನಡುವೆ ಗೌರಾಬಾಯಿ. ಬಳ್ಳಿಯಿಂದ ಕಾಯಿ ಬಿಡಿಸುವಾಗಲೂ ಅವಳ ಬೆರಳು ಟೈಪ್ ಮಾಡಿದಷ್ಟೇ ವೇಗವಾಗಿ ಓಡುತ್ತಿದ್ದವು.

ಬಾಯಿಯವರನ್ನು ಕಂಡು ಅವಳು ಗಡಬಡಿಸಿ ಎದ್ದಳು. ವತ್ಸಲಾಬಾಯಿ ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ! "ಗೌರಾ, ಆ ಫ್ಲಾಪಿ ಅದ ಏನಬೇ?" ಎಂದಷ್ಟೇ ಬಾಯಿಗೆ ಬಂತು.

"ಅದ್ರಿ ಅಕ್ಕೋರ. ಟ್ರಂಕಿನಾಗ ಇಟ್ಟೇನಿ," ಎಂದಳು ಹುಡುಗಿ. ದನಿಯಲ್ಲಿ ಸೇಡಿಲ್ಲ, ಆದರೆ ಸಲಿಗೆಯೂ ಇಲ್ಲ. "ಈಗ ಏಳಾಕ ಬರಂಗಿಲ್ರಿ. ನಾ ಮುಯ್ಯಿ ಬಂದೇನಿ. ನನ್ನ ಜಾಗಾ ಖಾಲಿ ಬಿಟ್ಟು ಹೋದ್ರ ನಾಳೆ ನಮ್ಮ ಹೊಲಕ್ಕ ಯಾರು ಬರ್ತಾರ?"

"ಜಾಗಾ ಖಾಲಿ ಯಾಕ ಇರತದ? ನಾ ಕೂಡ್ತೇನಿ."

ಎಂಟು ಜೊತೆ ಕೈಗಳು ಗಕ್ಕನೆ ನಿಂತವು. "ಅಯ್ಯ ಯವ್ವಾ, ಬಾಯಾರ, ನಿಮ್ಮ ಸೀರಿ ಮಣ್ಣಾಗತದ!" ಎಂದಿತು ಒಂದು ದನಿ.

"ಆಗ್ಲಿ ಬಿಡ್ರಿ. ಒಗದ್ರ ಹೋಗತದ," ಎಂದು ವತ್ಸಲಾಬಾಯಿ ಗೌರಾಬಾಯಿಯ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. ಗೌರಾಬಾಯಿ ಕಣ್ಣು ಪಿಳಿಪಿಳಿ ಮಾಡುತ್ತ ಮನೆ ಕಡೆ ಓಡಿದಳು.

ಹೋಗಿ ಬರಲು ಒಂದು ತಾಸು. ಆ ತಾಸಿನಲ್ಲಿ ಬಾಯಿಯವರ ಎರಡು ಉಗುರು ಮುರಿದವು. ಸೈದಪ್ಪನ ಹೆಂಡತಿ, "ನೂರು ಮಂದಿಗೆ ಟೈಪಿಂಗ್ ಕಲಿಸೀರಿ, ಒಂದು ಬಳ್ಳಿ ಬಿಡಸಾಕ ಇಷ್ಟೊತ್ತಾ?" ಎಂದು ಕಿಚಾಯಿಸಿದಳು. ಇನ್ನೊಬ್ಬಳು ಕೈ ಹಿಡಿದು, ಬಳ್ಳಿಯನ್ನು ತಲೆಕೆಳಗೆ ಹಿಡಿದು ಕಾಯಿ ಉದುರಿಸುವ ಬಗೆ ತೋರಿಸಿದಳು. ಇಪ್ಪತ್ತೆರಡು ವರ್ಷ ಬರಿ ಕಲಿಸಿದ್ದ ಹೆಂಗಸಿಗೆ ಕಲಿಯುವುದು ಇಷ್ಟು ಹಗುರಾಗಿರುತ್ತದೆಂದು ಮರೆತೇಹೋಗಿತ್ತು. ಹಸಿ ಶೇಂಗಾ ತಿನ್ನುತ್ತ, ಬೈಸಿಕೊಳ್ಳುತ್ತ, ಅವರು ಮನಸಾರೆ ನಕ್ಕರು.

ಸೋಮವಾರ ಹನ್ನೊಂದಕ್ಕೆ ಇನ್ಸ್‌ಪೆಕ್ಟರು ಬಂದರು. ದಪ್ಪ ಫೈಲು, ಹಣೆ ತುಂಬ ಬೆವರು. ಕೂತಕೂಡಲೇ ಕೇಳಿದ್ದು, "ಮುಖ್ಯ ಮಶೀನು ಯಾವುದ್ರಿ?"

"ಕೆಟ್ಟುಹೋಗ್ಯದ್ರಿ. ನಾನ ಕೆಡಿಸೀನಿ," ಎಂದರು ವತ್ಸಲಾಬಾಯಿ.

ಇನ್ಸ್‌ಪೆಕ್ಟರು ಫೈಲು ಮುಚ್ಚಿದರು. "ಹಂಗಾರ ಮುಗೀತಲ್ರಿ. ಪಾಠ ಎಲ್ಲಾ ಅದರಾಗ ಇರತಾವ. ಕೇಂದ್ರ ಹೆಂಗ ಕೊಡೋದು?"

ಹತ್ತೊಂಬತ್ತು ಹುಡುಗಿಯರೂ ಬಾಯಿಯವರ ಕಡೆ ತಿರುಗಿದರು. ಗೌರಾಬಾಯಿಯೂ ಬಂದಿದ್ದಳು. ಏನಾಗುತ್ತದೋ ನೋಡಲೆಂದು ಬಂದವಳು ಒಳಗೆ ಕಾಲಿಡದೆ ಮೆಟ್ಟಿಲ ಬಳಿಯೇ ನಿಂತಿದ್ದಳು.

"ಸಾಹೇಬ್ರ, ನೀವ ನಿಮ್ಮ ಕೈಲೆ ಯಾವುದರೆ ಒಂದು ಮಶೀನು ಬಂದ್ ಮಾಡ್ರಿ," ಎಂದರು ಬಾಯಿಯವರು. "ಆಮೇಲೆ ಯಾವ ಪಾಠ ಬೇಕೋ ಕೇಳ್ರಿ."

ಇನ್ಸ್‌ಪೆಕ್ಟರು ಅನುಮಾನದಿಂದಲೇ ಒಂದನೆಯದನ್ನು ಬಂದ್ ಮಾಡಿದರು. "ಅರವತ್ತು," ಎಂದರು. ಎರಡನೆಯದರಲ್ಲಿ ಬಂತು. ಎರಡನೆಯದನ್ನೂ ಆರಿಸಿದರು. ಪಟ್ಟಿ ತಿರುವಿಹಾಕಿ, ನೋಡಿದರೇ ಹೆದರಿಕೆಯಾಗುವ ಪಾಠವೊಂದನ್ನು ಹುಡುಕಿ, "ತೊಂಬತ್ತೊಂದು," ಎಂದರು. ಮೂರನೆಯದರಲ್ಲಿ ಬಂತು. ಮೊದಲ ಸಾಲು ಸರಿ, ಕಡೆಯ ಸಾಲು ಸರಿ, ಎಣಿಕೆ ಸರಿ. ಅವರಿಗೀಗ ಹುಮ್ಮಸ್ಸು ಬಂದು ಮೂರನೆಯದನ್ನೂ ಆರಿಸಿ, ಉಳಿದೊಂದರಲ್ಲಿ ಒಂದರಿಂದ ನೂರಿಪ್ಪತ್ತರವರೆಗೆ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ತೆಗೆಸಿ ನೋಡಿದರು. ಒಂದೂ ತಪ್ಪಲಿಲ್ಲ.

"ಇದರಾಗ ದೊಡ್ಡದು ಯಾವುದ್ರಿ ಹಂಗಾರ?"

"ಯಾವುದೂ ಇಲ್ರಿ. ಯಾವುದು ಚಾಲೂ ಇರತದೋ ಅದು ಕೊಡತದ."

ಇನ್ಸ್‌ಪೆಕ್ಟರು ಬೆವರು ಒರೆಸಿಕೊಂಡು ಗಟ್ಟಿಯಾಗಿ ನಕ್ಕರು. "ಹೋದ ವಾರ ಒಂದು ಕಡಿ ಮುಖ್ಯ ಮಶೀನು ಕೆಟ್ಟು ಮೂವತ್ತು ಮಂದಿ ಪರೀಕ್ಷಾ ನಿಂತದ್ರಿ. ನೀವು ಕೆಡಿಸಿದ್ದ ಚಲೋ ಆತು ತಗೋರಿ!" ಎಂದು ಸಹಿ ಹಾಕಿದರು. "ಕೇಂದ್ರ ಕೊಟ್ಟಂಗ. ಪರೀಕ್ಷಾಕ್ಕ ಕೂಡೋರ ಪಟ್ಟಿ ಕೊಡ್ರಿ. ಹತ್ತೊಂಬತ್ತಲ್ಲ?"

"ಒಂದ ನಿಮಿಷ ರೀ," ಎಂದು ಬಾಯಿಯವರು ಪಟ್ಟಿಯ ಕೊನೆಗೆ ಇಪ್ಪತ್ತನೆಯ ಹೆಸರು ಬರೆದರು.

ಮೆಟ್ಟಿಲ ಬಳಿಯಿಂದ ಗೌರಾಬಾಯಿ ಕೈ ಅಲ್ಲಾಡಿಸಿದಳು. "ನನ್ನ ಹೆಸರು ಬ್ಯಾಡ್ರಿ ಅಕ್ಕೋರ. ನಾ ಫ್ಲಾಪಿ ಕೊಟ್ಟೆ, ನೀವು ಶೇಂಗಾ ಬಿಡಿಸಿದ್ರಿ. ಮುಯ್ಯಿ ತೀರ್ತು."

"ಫ್ಲಾಪಿದು ತೀರ್ತು ಬೇ," ಎಂದರು ವತ್ಸಲಾಬಾಯಿ. "ಮಂದಿ ಮುಂದ ನಿನಗ ಕಳ್ಳಿ ಅಂದದ್ದು? ತಪ್ಪು ನಂದು. ಅದನ್ನ ನಾ ಹೆಂಗ ತೀರಸಲಿ, ನೀ ಒಳಗ ಬರದಿದ್ರ?"

ಗೌರಾಬಾಯಿ ಚಪ್ಪಲಿ ಬಿಟ್ಟು ಒಳಗೆ ಬಂದು, ಖಾಲಿಯಿದ್ದ ಮೂರನೇ ಮಶೀನಿನ ಮುಂದೆ ಕೂತು ಅದನ್ನು ಚಾಲೂ ಮಾಡಿದಳು. ಬೆರಳು ಎರಡು ಸಲ ಮಡಚಿ ಬಿಚ್ಚಿ, ಅರ್ಧಕ್ಕೆ ನಿಂತಿದ್ದಲ್ಲಿಂದಲೇ ಶುರುಮಾಡುವವಳ ಹಾಗೆ, ತಿರುಗಿ ನೋಡದೆ ಕೇಳಿದಳು:

"ತೊಂಬತ್ತಾರನೇ ಪಾಠ ಯಾರ ಕಡಿ ಅದ?"

"ನನ್ನ ಕಡಿ!" ಎಂದು ನಾಲ್ಕು ದನಿ ಒಟ್ಟಿಗೇ ಕೂಗಿದವು. ಅವುಗಳಲ್ಲಿ ಒಂದು ವತ್ಸಲಾಬಾಯಿಯವರದು.